ಲಹಾಯಿಗೆ ಸಿಕ್ಕ ತಗಡು

ಸೆಪ್ಟೆಂಬರ್ 3, ಬೋ ಪಟ್ಟಣ

...ಅದಕ್ಕೇ ಅನ್ಯಾಯ ಅಂದದ್ದು. ಬಂದೂಕು ಹಿಡಿದವನಿಗೆ ತಗಡು, ಚಾಕ್‌ಪೀಸ್ ಹಿಡಿದ ನನಗೆ ಹುಲ್ಲಿನ ಸೂರು. ಯುದ್ಧ ಮುಗಿದು, ಎದುರುಮನೆಯ ಲಹಾಯಿ ಶಸ್ತ್ರ ಒಪ್ಪಿಸುವ ಕ್ಯಾಂಪಿನಲ್ಲಿ ಬಂದೂಕು ಕೊಟ್ಟು, ಬದಲಿಗೆ ಸೂರಿನ ತಗಡು, ಬಡಗಿ ಸಾಮಾನು ಹೊತ್ತು ತಂದ. ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪ್ರೊಫೆಸರು ಹೇಳಿದ್ದರು — ಗನ್ಸ್, ಬಟರ್, ಅಂದರೆ ಬಂದೂಕು, ಬೆಣ್ಣೆ... ಒಂದು ಬೇಕಾದರೆ ಇನ್ನೊಂದು ಬಿಡಬೇಕೆಂದೋ, ಎರಡೂ ಸಿಗುತ್ತವೆಂದೋ. ಮರೆತಿದೆ. ಇವನಿಗಂತೂ ಎರಡೂ ಸಿಕ್ಕಿವೆ.

ತಗಡು ಹಾಳಾಗಲಿ. ನೆರೆಮನೆಯ ಜೆನೆಬಾ ಅವನ ಜಗಲಿಯಲ್ಲಿ ಕೂತು ನಗುತ್ತಿದ್ದಳು. ನನ್ನ ಹೆಂಡತಿ ಕಾಡಿ ಸತ್ತಾಗಿನಿಂದ ನನಗೆ ಮರಗೆಣಸಿನ ಸೊಪ್ಪಿನ ಸಾರು ತರುವ ಜೆನೆಬಾ!

ಸೆ. 5

ಲಹಾಯಿ ಜೆನೆಬಾಳ ಸೂರಿನ ಮೇಲೆ. ತನ್ನ ಸೂರಿಗೆ ಹಾಕಿ ಮಿಕ್ಕ ತಗಡು ಹೊಡೆಯುತ್ತಿದ್ದಾನೆ. ಪ್ರತಿ ಏಟೂ ನನ್ನ ನೆತ್ತಿಗೆ.

"ಪಾ ವಾಂಡಿ, ಸ್ವಲ್ಪ ಏಣಿ ಹಿಡ್ಕೋತೀರಾ?" ಎಂದು ನನ್ನನ್ನೇ ಕರೆದ. ಇಲ್ಲಿ ಹಿರಿಯರೆಲ್ಲ ಪಾ.

ಹಿಡಿದೆ. ಬೀಳಲಿ ಅಂತಲೂ ಅನ್ನಿಸಿತು. ತಗಡು ಅರ್ಧ ಸೂರಿಗೇ ಮುಗಿಯಿತು. ಉಳಿದರ್ಧ ಸೋರುತ್ತಿದೆ. ಅಲ್ಲಿ ನಾನು ತಂದ ತಗಡು ಕೂರಬೇಕು.

ಸೆ. 9

ಲಹಾಯಿ ಇನ್ನೊಂದು ಬಂದೂಕು ಬಚ್ಚಿಟ್ಟದ್ದು ಗೊತ್ತಿತ್ತು. ಅದನ್ನು ನನಗೆ ಕೊಡೆಂದು ಕೇಳಿಯೇಬಿಟ್ಟೆ.

"ನಿಮಗ್ಯಾಕೆ ಪಾ? ಕೊಕ್ಕರೆ ಹೊಡೀತೀರಾ?"

"ಕ್ಯಾಂಪಿಗೆ ಹೋಗ್ತೀನಿ. ನನಗೂ ತಗಡು ಬೇಕು."

ಬಿದ್ದು ಬಿದ್ದು ನಕ್ಕ. "ಸುಮ್ನೆ ಕೊಟ್ರೆ ಆಗಲ್ಲ. ಅವರೆದುರಿಗೇ ಬಿಚ್ಚಿ, ಮತ್ತೆ ಜೋಡಿಸ್ಬೇಕು. ಬರದಿದ್ರೆ, ಇವನು ಹೋರಾಡಿದೋನೇ ಅಲ್ಲ ಅಂತ ಅಟ್ತಾರೆ."

"ಹಾಗಾದ್ರೆ ಕಲಿಸು."

ನಗು ನಿಂತಿತು. "ನಂಗೆ ಕಲಿಸಿದೋನು ಹೊಡೀತಿದ್ದ, ಪಾ. ನಾನು ಹೊಡೆಯಲ್ಲ. ಬನ್ನಿ."

ಒಳ್ಳೆಯವನೂ ಆಗಿಬಿಟ್ಟ. ಅದಕ್ಕೂ ಹೊಟ್ಟೆಕಿಚ್ಚು.

ಸೆ. 16

ಬಂತು. ಕಣ್ಣು ಮುಚ್ಚಿಯೂ ಜೋಡಿಸಬಲ್ಲೆ. ಉಗುರಿನೊಳಗೆ ಬಂದೂಕಿನ ಎಣ್ಣೆ, ಸೋಪಿಗೂ ಜಗ್ಗುತ್ತಿಲ್ಲ. ನಾಳೆ ಕ್ಯಾಂಪು.

ಅದೇ ದಿನ, ಸಂಜೆ

ಜೆನೆಬಾ ಸಾರು-ಅನ್ನ ತಂದಳು. ಎಂದಿನಂತೆ ಒಂದೇ ಬಟ್ಟಲಿಗೆ ಇಬ್ಬರೂ ಕೈ ಹಾಕಿದೆವು. ತಟ್ಟನೆ ಅವಳ ಕೈ ನಿಂತಿತು.

"ನಿಮ್ಮ ಕೈ ಕೊಡಿ."

ಮೂಸಿ ನೋಡಿದಳು. ಗಂಡನನ್ನು ಎಳೆದೊಯ್ದವರ ಮೈಯಲ್ಲಿ ಇದೇ ವಾಸನೆ ಇತ್ತಂತೆ.

"ನಿನ್ನ ಸೂರಿಗೇ ಕಣೆ," ಅಂದೆ. ಸುಮ್ಮನಿರಲಾಗಲಿಲ್ಲ. "ಲಹಾಯಿ ಕೈ ಮೂಸಿದ್ಯಾ?"

"ಅವನ ಹತ್ರ ತಗಡು ಮಾತ್ರ ತಗೊಂಡೆ, ಪಾ. ಉಣ್ಣೋಕೆ ಇಲ್ಲಿಗೆ ಬರ್ತಿದ್ದೆ."

ಹೋದಳು. ಬಟ್ಟಲು ಇಲ್ಲೇ ಇದೆ, ಅವಳ ಕಡೆಯ ಅನ್ನ ಹಾಗೇ. ಬೆಳಿಗ್ಗೆ ಕೊಟ್ಟುಬರಬೇಕು... ಕ್ಯಾಂಪಿಗೆ ಹೋಗುವ ಮೊದಲು. ಅಥವಾ ಹೋಗದೆ. ಎರಡೂ ಸಿಗುವುದಿಲ್ಲ ಎಂದೇ ಪ್ರೊಫೆಸರು ಅಂದದ್ದು, ಈಗ ನೆನಪಾಯಿತು. ಅಕ್ಷರ ಕಾಣುತ್ತಿಲ್ಲ, ಬೆಳಕು ಹೋಗುತ್ತಿದೆ. ಅವಳ ಅರ್ಧ ಸೂರು ಮಾತ್ರ ಇನ್ನೂ ಹೊಳೆಯುತ್ತಿ—