ಕಂಬದ ಪಕ್ಕದ ಪೆಪ್ಪರ್‌ಮಿಂಟು

ಊಸ್ಟರ್‌ವಿರ್ಡ, ಗ್ರೋನಿಂಗನ್
ಮಂಗಳವಾರ, ೧೧ ಜೂನ್ ೨೦೨೪

ಮಗಳೇ ಫೆನ್ನಾ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತೇ? ಫೋನಿನಲ್ಲಿ ಕೇಳಿದರೆ "ಪರವಾಗಿಲ್ಲ ಅಪ್ಪ" ಅನ್ನುತ್ತೀಯ, ಅಲ್ಲಿಗೆ ಮಾತು ಮುಗಿಯುತ್ತದೆ. ಮಾಸ್ಟ್ರಿಕ್ಟಿನ ಆ ಏರುಬೀದಿಗಳಲ್ಲಿ ಸೈಕಲ್ ತುಳಿಯಬೇಡ, ಇಳಿದು ತಳ್ಳಿಕೊಂಡು ಹೋಗು. ನಾನು ಚೆನ್ನಾಗಿದ್ದೇನೆ, ಮಾತ್ರೆ ಮರೆಯುತ್ತಿಲ್ಲ. ಆದರೆ ಭಾನುವಾರದಿಂದ ಒಂದು ಕಡೆ ಕೂರಲಾಗುತ್ತಿಲ್ಲ. ಈ ಕಾಗದಕ್ಕೆ ಕೂತದ್ದು ಇದು ಮೂರನೇ ಸಲ. ನಿನ್ನಿಂದ ಒಂದು ಉತ್ತರ ಬೇಕು, ಇಪ್ಪತ್ತಮೂರನೇ ತಾರೀಕಿನ ಭಾನುವಾರದೊಳಗೆ. ಚರ್ಚಿನಲ್ಲಿ ಎಲ್ಲರ ಮುಂದೆ ನಿನ್ನ ಹೆಸರನ್ನು ನಾನು ಓದಬಹುದೇ, ಬೇಡವೇ ಎಂದು. ತಕ್ಷಣ ಬೇಡ ಅನ್ನಬೇಡ, ಪೂರ್ತಿ ಕೇಳು.

ಈ ಬೇಸಿಗೆ ನಮ್ಮ ಚರ್ಚಿನಲ್ಲಿ ಕಲಾಪ್ರದರ್ಶನ ಇಟ್ಟಿದ್ದಾರೆ. ನಂಬಿಕೆ, ಪ್ರಾರ್ಥನೆ, ದೇವರು ಇದ್ದಾನೋ ಇಲ್ಲವೋ, ಇಂಥವೇ ವಿಷಯ. ಭಾನುವಾರದ ಆರಾಧನೆಗೆ ಬರುವವರು ಮೂವತ್ತೊಂದು ಜನ, ಇದನ್ನು ನೋಡಲು ಬರುವವರು ವಾರಕ್ಕೆ ಇನ್ನೂರು. ಬಾಗಿಲು ತೆಗೆಯುವುದು, ಗುಡಿಸುವುದು ಈಗಲೂ ನಾನೇ. "ಶುಕ್ರವಾರ ಇನ್‌ಸ್ಟಲೇಷನ್ ಇದೆ, ಹಾರ್ಮ್" ಎಂದು ಹೊಸ ಪಾದ್ರಿಯಮ್ಮ ಹೇಳಿದಾಗ ಬಾಯ್ಲರಿನ ಕೆಲಸ ಅಂದುಕೊಂಡು ಸ್ಪ್ಯಾನರ್ ಹಿಡಿದು ಹೋಗಿದ್ದೆ, ನಕ್ಕುಬಿಟ್ಟರು. ಕಲಾಕೃತಿ ಜೋಡಿಸಿಡುವುದಕ್ಕೂ ಅದೇ ಹೆಸರಂತೆ. ಒಬ್ಬಾತ ದೀಕ್ಷಾಸ್ನಾನದ ಬೋಗುಣಿಗೆ ಉಪ್ಪು ತುಂಬಿದ್ದಾನೆ. ಉಪ್ಪಿಗೆ ತೇವ ಹಿಡಿದು ಕಲ್ಲೆಲ್ಲ ಜಿನುಗುತ್ತದೆ, ಒರೆಸಿ ಒರೆಸಿ ನನಗೆ ಸಾಕಾಗಿದೆ. ಇರಲಿ, ಅದಲ್ಲ ನಾನು ಹೇಳಹೊರಟದ್ದು.

ಇಲ್ಸೆ ಅಂತ ಒಬ್ಬ ಹುಡುಗಿ, ರಾಟರ್‌ಡ್ಯಾಮಿನವಳು, ಕಲಾವಿದೆ. ಮಾರ್ಚಿನಲ್ಲೇ ಬಂದು ಎರಡು ದಿನ ನನ್ನ ಬೆನ್ನು ಹತ್ತಿ ತಿರುಗಿದಳು. "ಇಲ್ಲಿ ನಡೆದದ್ದು ಏನಾದರೂ ಹೇಳಿ ಅಜ್ಜ, ಪುಸ್ತಕದಲ್ಲಿ ಇಲ್ಲದ್ದು" ಅಂದಳು. ಯಾಕೋ ಬಾಯಿಗೆ ಬಂದದ್ದು ಅದೇ. ಚರ್ಚಿನ ಸಭೆ ಬಿಡುತ್ತೇನೆ, ಇನ್ನು ಸದಸ್ಯರಲ್ಲ ಎಂದು ಕಾಗದ ಕೊಟ್ಟವರ ಹೆಸರನ್ನು ಹಿಂದೆ ಪೀಠದಿಂದ ಓದುತ್ತಿದ್ದರು, ಒಮ್ಮೆ ಹಾಗೆ ಬಿಟ್ಟ ಹುಡುಗಿ ಅಂದೇ ಅಮ್ಮನ ಹುಟ್ಟುಹಬ್ಬವೆಂದು ಊರಿಗೆ ಬಂದು, ಅಮ್ಮನ ಸಂತೋಷಕ್ಕೆ ಚರ್ಚಿನಲ್ಲಿ ಕೂತಿದ್ದಳು, ಹೆಸರು ಕೇಳಿದ್ದೇ ಬಾಯಿಂದ ಪೆಪ್ಪರ್‌ಮಿಂಟು ತೆಗೆದು ಪುಸ್ತಕ ಇಡುವ ಹಲಗೆಯ ಮೇಲಿಟ್ಟು ಎದ್ದು ಹೋದಳು ಎಂದೆ. ಹುಡುಗಿ ಯಾರೆಂದು ಹೇಳಲಿಲ್ಲ. ಸಭೆಯ ದಾಖಲೆ ಪುಸ್ತಕ ನೋಡಿದಾಗ ಅವಳಿಗೆ ತಿಳಿದಿರಬೇಕು, ನಮ್ಮದೇ ಮನೆತನದ ಹೆಸರಲ್ಲವೇ. ಕೇಳಲಿಲ್ಲ, ಒಳ್ಳೆಯ ಹುಡುಗಿ.

ಮೊನ್ನೆ ಶುಕ್ರವಾರ ಬಂದು ಅವಳು ಮಾಡಿದ್ದಿಷ್ಟೆ. ಸಭೆ ಬಿಟ್ಟ ಎಂಬತ್ತೆಂಟು ಜನ ಎಲ್ಲೆಲ್ಲಿ ಕೂರುತ್ತಿದ್ದರೋ ಅಲ್ಲಲ್ಲಿ, ಹಲಗೆಯ ಮೇಲೆ ಒಂದೊಂದು ಪೆಪ್ಪರ್‌ಮಿಂಟು. ಅದರ ಅಡಿಯಲ್ಲಿ ಚೀಟಿ, ಹೆಸರು, ಬಿಟ್ಟ ವರ್ಷ. ಬಾಗಿಲ ಬಳಿ ಇಂಗ್ಲಿಷಿನಲ್ಲಿ ಅರ್ಧ ಪುಟ ಬರೆದು ಅಂಟಿಸಿದ್ದಾಳೆ. ಕಾಲೇಜಿನಲ್ಲಿ ಇಂಗ್ಲಿಷ್ ಓದಿದವನೆಂದು ಎಲ್ಲರೂ ನನ್ನನ್ನೇ ಅರ್ಥ ಕೇಳುತ್ತಾರೆ. ಆಬ್ಸೆನ್ಸ್ ಎಂದರೆ ಗೈರುಹಾಜರಿ, ಅಷ್ಟು ನೆನಪಿದೆ. ಉಳಿದದ್ದಕ್ಕೆ "ಬಹಳ ಆಳವಾಗಿದೆ" ಎಂದು ಜಾರಿಕೊಳ್ಳುತ್ತೇನೆ. ಎರಡು ದಿನ ಬಂದವರಿಗೆಲ್ಲ "ಮುಟ್ಟಬೇಡಿ, ಮುಟ್ಟಬೇಡಿ" ಎಂದು ಗದರಿಸಿದವನೂ ನಾನೇ.

ಭಾನುವಾರ ಎಲ್ಲರೂ ಅವರವರ ಜಾಗದಲ್ಲೇ ಕೂತರು. ಬೇರೆ ಕಡೆ ಕೂರಲು ನಮಗೆ ಬರುವುದಾದರೂ ಎಲ್ಲಿ? ಪಾದ್ರಿಯಮ್ಮ ವಾಕ್ಯ ಓದಿ ಪ್ರಸಂಗಕ್ಕೆ ಬಾಯಿ ತೆರೆದರು ನೋಡು, ಕೈಗಳು ತಾವಾಗಿಯೇ ಹೋದವು. ಪ್ರಸಂಗದ ಮೊದಲ ಮಾತಿಗೆ ಪೆಪ್ಪರ್‌ಮಿಂಟು, ಎಪ್ಪತ್ತು ವರ್ಷದ ಅಭ್ಯಾಸ. ಹತ್ತೊಂಬತ್ತು ಜನ ಆ ಹುಡುಗಿಯ ಕಲೆಯನ್ನು ಚೀಪಿಬಿಟ್ಟೆವು! ಕಾಫಿ ಹೊತ್ತಿಗೆ ಇಲ್ಸೆ ಬಂದು "ಅಯ್ಯೋ, ಯಾರು ತಿಂದದ್ದು?" ಅಂದರೆ ನಿನ್ನ ಗೇಶ್ಯೆ ಚಿಕ್ಕಮ್ಮ, "ಪ್ರಸಂಗದ ಹೊತ್ತಿಗೆ ಎದುರಿಗಿಟ್ಟರೆ ತಿನ್ನದೆ ಕಿವಿಗೆ ಸಿಕ್ಕಿಸ್ಕೊಳ್ಳೋಕಾಗುತ್ತೇನಮ್ಮ? ಖಾರಾನೂ ಇರ್ಲಿಲ್ಲ, ಹಳೇ ಸರಕು" ಅಂದಳು. ಎಲ್ಲರೂ ನಕ್ಕರು. ಆಮೇಲೆ ಹಾಲು ಮಾರುವ ವೀಬೆ ತನ್ನ ಮುಂದಿನ ಚೀಟಿ ಎತ್ತಿ ನೋಡಿದ. ಅವನ ಅಣ್ಣನದು, ೧೯೭೧. "ನಮ್ಮಣ್ಣನ್ನ ತಿಂದ್ಬಿಟ್ನಲ್ಲೋ ಹಾರ್ಮ್" ಅಂದ. ನಗುತ್ತಲೇ ಅಂದ, ಆದರೆ ಕಪ್ಪು ಕೆಳಗಿಟ್ಟು ಹೊರಗೆ ಹೋದ.

ನಿನ್ನಮ್ಮ ಹೋದ ಮೇಲೆ ನಾಲ್ಕು ವರ್ಷ ನನಗೆ ಯಾರೂ ಪೆಪ್ಪರ್‌ಮಿಂಟು ಕೊಟ್ಟಿಲ್ಲ ಫೆನ್ನಾ. ಅವಳು ಕೈಚೀಲ ತೆರೆಯುವ ಸದ್ದಿಗೆ ಕೈ ಚಾಚುತ್ತಿದ್ದೆ. ಮೊನ್ನೆ ಸದ್ದಿಲ್ಲದೆಯೇ ಚಾಚಿದೆ, ಕಂಬದ ಪಕ್ಕಕ್ಕೆ, ನಮ್ಮಿಬ್ಬರ ನಡುವೆ ನೀನು ಕೂರುತ್ತಿದ್ದ ಜಾಗಕ್ಕೆ. ಕರಗಿದ ಮೇಲೆಯೇ ಗೊತ್ತಾದದ್ದು. ಚೀಟಿ ನನ್ನ ಕನ್ನಡಕದ ಡಬ್ಬಿಯಲ್ಲಿದೆ. ನಿನ್ನ ಹೆಸರು, ೨೦೧೦.

ಇಲ್ಸೆ ಬೇರೆ ಪೆಪ್ಪರ್‌ಮಿಂಟು ಇಡುವುದಿಲ್ಲವಂತೆ. "ಯಾರು ತಿಂದರೋ ಅವರೇ ಆ ಹೆಸರನ್ನು ಪ್ರದರ್ಶನದ ಕೊನೆಯ ಭಾನುವಾರ ಪೀಠದಿಂದ ಓದಲಿ, ಬದುಕಿರುವವರನ್ನು ಮೊದಲು ಕೇಳಿ" ಅಂದಳು. ಬಿಟ್ಟುಹೋದವರು ಎಂದಲ್ಲ, ಬರೀ ಹೆಸರು. ವೀಬೆಗೆ ಕಷ್ಟವಿಲ್ಲ, ಅವನ ಅಣ್ಣ ತೀರಿಕೊಂಡಿದ್ದಾನೆ. ನಾನು ಕೇಳಬೇಕು. ಅಂದು ನಿನ್ನನ್ನು ಯಾರೂ ಕೇಳಲಿಲ್ಲ. ಹಳೆಯ ಪಾದ್ರಿಗೆ ಕರುಳೇ ಇಲ್ಲ ಎಂದು ನೀನು ಸ್ಟೇಷನ್ನಿನಲ್ಲಿ ಅತ್ತೆ, ನಾನು ಹೌದೆಂದು ತಲೆಯಾಡಿಸಿದೆ. ಅಮ್ಮನನ್ನು ಮಣ್ಣು ಮಾಡಿದ ದಿನವೂ ಚರ್ಚಿನ ಒಳಗೆ ಬರದೆ ಗೇಟಿನ ಹತ್ತಿರ ಮಳೆಯಲ್ಲಿ ನಿಂತಿದ್ದೆಯಲ್ಲ. ನಾನು ಬಾ ಅನ್ನಲಿಲ್ಲ. ಅಂದಿದ್ದರೆ ಬರುತ್ತಿದ್ದೆಯಾ?

ತೋಟದ ಬೀನ್ಸ್ ಬಳ್ಳಿ ಕೋಲು ಹತ್ತಿದೆ. ಗೇಶ್ಯೆ ಚಿಕ್ಕಮ್ಮ ನಿನ್ನನ್ನು ಕೇಳಿದಳು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ಈ ಮಾತು ನಿನಗೆ ಹಿಡಿಸುವುದಿಲ್ಲವೆಂದು ಗೊತ್ತು, ಆದರೂ ನನಗೆ ಬರುವ ಹಾರೈಕೆ ಇದೊಂದೇ.

ಇಂತು ನಿನ್ನ ಅಪ್ಪ,
ಹಾರ್ಮ್

ತಾ.ಕ.: ಅಂಚೆಡಬ್ಬದವರೆಗೂ ಹೋಗಿ ವಾಪಸು ಬಂದೆ. ನಿನ್ನ ಹೆಸರು ಓದಿದ ದಿನ ಬೆಳಿಗ್ಗೆ ಗಂಟೆ ಹೊಡೆಯುವ ಮೊದಲು ಹಿಂದಿನ ಕೋಣೆಯಲ್ಲಿ ಹಳೆಯ ಪಾದ್ರಿಗಳು ನನ್ನನ್ನು ಕರೆದು, "ಹುಡುಗಿ ಬಂದು ಕೂತಿದ್ದಾಳಲ್ಲೋ ಹಾರ್ಮ್, ಇವತ್ತು ಬೇಡ, ಮುಂದಿನ ವಾರ ಓದ್ತೀನಿ" ಅಂದಿದ್ದರು. "ಇಲ್ಲ, ಇವತ್ತೇ ಓದಿ, ಎದುರಿಗೇ ಕೇಳಿಸಿಕೊಳ್ಳಲಿ" ಅಂದವನು ನಾನು. ನಾಚಿಕೊಂಡು ಮನಸ್ಸು ಬದಲಾಯಿಸುತ್ತೀಯ ಅಂದುಕೊಂಡಿದ್ದೆ. ನಿನ್ನಮ್ಮನಿಗೆ ಕೊನೆಯವರೆಗೂ ಹೇಳಲಿಲ್ಲ. ಎರಡು ವರ್ಷದ ಹಿಂದೆ ಆ ಪಾದ್ರಿಗಳು ತೀರಿಕೊಂಡರೆಂದು ತಿಳಿಸಿದಾಗ ನೀನು ಫೋನಿನಲ್ಲಿ "ಸರಿ" ಅಂದು ಇಟ್ಟುಬಿಟ್ಟೆ, ಆಗಲೂ ಹೇಳಲಿಲ್ಲ. ಇಷ್ಟು ತಿಳಿದ ಮೇಲೆ ಹೇಳು ಫೆನ್ನಾ, ನಿನ್ನ ಹೆಸರು ನಾನು ಓದಬಹುದೇ?