ನಾನು ಎಣಿಸದ ಮೂರು

ಜನವರಿ ೯, ೧೯೫೮. ಗೋಕಾಕ

ಬೆಳಿಗ್ಗೆ ಡ್ರಿಲ್. ಅರ್ಧ ಹುಡುಗರು ಗೈರು — ಗಾಣ ಶುರುವಾಗಿದೆ, ಎಲ್ಲರೂ ಬಿಸಿ ಬೆಲ್ಲ ನೆಕ್ಕುತ್ತ ಹೊಲದಲ್ಲಿರುತ್ತಾರೆ. ಹೆಡ್‌ಮಾಸ್ತರರು ನನ್ನನ್ನು ಬೈದರು. ಬೈಯಲಿ. ತಮಗೆ ಬೆಲ್ಲ ಸಿಗಲಿಲ್ಲವೆಂಬ ಸಿಟ್ಟು ಇರಬೇಕು.

ಮಧ್ಯಾಹ್ನ ಯಲ್ಲಪ್ಪ ಎಂಬವನು ಹುಡುಕಿಕೊಂಡು ಬಂದ. ಫ್ರೀಸ್ಟೈಲ್ ಕುಸ್ತಿ ಕಂಪನಿಯ ಮ್ಯಾನೇಜರ. ಬಿಸಿಲಲ್ಲೂ ಕೋಟು. ಮೊದಲು ಮೂಡಲಗಿ, ಆಮೇಲೆ ಹುಕ್ಕೇರಿಯಲ್ಲಿ ಡೇರೆ ಹಾಕುತ್ತಾರಂತೆ. ನಮ್ಮ ಮೇಲವಂಕಿಯ ಮೌಲಾಅಲಿಗೂ, ಮುಖವಾಡ ಹಾಕಿಕೊಂಡು ಆಡುವ ಇರಾನಿನ ಪೈಲವಾನನಿಗೂ ಜೋಡಿ. ಪಂಚನಾಗಿ ನಾನು ನಿಲ್ಲಬೇಕು.

"ನೀವು ಸೀಟಿ ಹಿಡಕೊಂಡ ನಿಂತ್ರ ಮಂದಿ ಎದರ ಮಾತಾಡೂದಿಲ್ಲರಿ ಮಾಸ್ತರ್ರ" ಅಂದ. ಉಬ್ಬಿಹೋದೆ. ಹೂಂ ಅಂದೆ.

ಸತ್ತೆಪ್ಪ ಮಾವನಿಗೆ ಹೇಳಿಕಳಿಸಿದೆ. ಅವ್ವನ ಅಣ್ಣ, ನಾಗನೂರಿನವನು. ಅಪ್ಪನಿಲ್ಲದ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಊರೂರ ಕುಸ್ತಿ ತೋರಿಸಿದವನು. ಈಗ ಅವನಿಗೆ ಮೌಲಾಅಲಿ ಅಂದರೆ ಜೀವ. ಮೇಲವಂಕಿಯಲ್ಲಿ ಎಮ್ಮೆ ಇರುವ ಮನೆಯವರು ಪಾಳಿಯಂತೆ ಆ ಹುಡುಗನ ತಾಲೀಮಿಗೆ ಹಾಲು ಕಳಿಸುತ್ತಾರೆ. ಮಾವ ಬೇರೆ ಊರಿನವನು, ಆದರೂ ವಾರಕ್ಕೊಮ್ಮೆ ತಂಬಿಗೆ ಹಿಡಿದು ನಡೆದು ಹೋಗುತ್ತಾನೆ.

ಜನವರಿ ೧೭. ಮೂಡಲಗಿ

ಡೇರೆಯ ಹಿಂದೆ ಕರೆದರು. ಹೋದೆ. ಇರಾನಿನ ಪೈಲವಾನ ಮುಖವಾಡ ತೆಗೆದಿಟ್ಟು ರೊಟ್ಟಿ-ಝುಣಕ ತಿನ್ನುತ್ತ ಕೂತಿದ್ದ.

"ನಮಸ್ಕಾರ್ರಿ ಮಾಸ್ತರ್ರ. ನಿಮ್ಮ ಕಡೆ ಒಂದೀಟ ಸುಣ್ಣ ಐತೇನ್ರಿ?"

ಹೆಸರು ಉದ್ದಪ್ಪ. ಯಮಕನಮರಡಿಯಲ್ಲಿ ಲಾರಿಗೆ ಮೂಟೆ ಏರಿಸುತ್ತಿದ್ದವನು. ಬಾಯಿ ಬಿಟ್ಟರೆ ಇರಾನು ಹೋಗಿ ಹುಕ್ಕೇರಿ ತಾಲೂಕು ಬರುತ್ತದೆಂದು ಅವನಿಗೆ ಹೊರಗೆ ಮಾತಾಡಬಾರದೆಂಬ ಹುಕುಂ. ನಕ್ಕುಬಿಟ್ಟೆ.

ಆಮೇಲೆ ಯಲ್ಲಪ್ಪ ಕೂರಿಸಿ ಹೇಳಿದ. ನಾಳೆ ಮೂರನೇ ರೌಂಡಿನಲ್ಲಿ ಮೌಲಾಅಲಿ ಸೋಲಬೇಕು. ಹುಕ್ಕೇರಿಯಲ್ಲಿ ಗೆಲ್ಲಬೇಕು. ಹಾಗಾದರೆ ಹುಕ್ಕೇರಿ ಡೇರೆ ಹರಿಯುವಷ್ಟು ಮಂದಿ. ಎಲ್ಲ ಮೊದಲೇ ಮಾತಾಡಿಕೊಂಡದ್ದು, ಯಾವ ಪಟ್ಟು ಯಾವಾಗ ಅನ್ನುವುದೂ ಸಹ. ಭುಜ ನೆಲಕ್ಕೆ ಹತ್ತಿದಾಗ ನಾನು ಮೂರು ಎಣಿಸಿ ಸೀಟಿ ಊದಿದರೆ ಮುಗಿಯಿತು.

ಮೌಲಾಅಲಿ ಮೂಲೆಯಲ್ಲಿ ನೆಲ ನೋಡುತ್ತ ನಿಂತಿದ್ದ. "ಸತ್ತೆಪ್ಪ ಕಾಕಾಗ ಹೇಳಬ್ಯಾಡ್ರಿ" ಎಂದಷ್ಟೇ ಅಂದ.

ಎದ್ದು ಬರಬೇಕಿತ್ತು. ಬರಲಿಲ್ಲ. ರೊಕ್ಕದ ಆಸೆಯಲ್ಲ — ಬರೆದುಕೊಳ್ಳುವಾಗಲಾದರೂ ಖರೆ ಬರೆಯಬೇಕು. ಊರಿಗೆಲ್ಲ ಗೊತ್ತಿಲ್ಲದ್ದು ನನಗೆ ಗೊತ್ತು ಅನ್ನುವುದರ ರುಚಿ ಹತ್ತಿತು.

ಜನವರಿ ೧೮. ರಾತ್ರಿ ಮೂಡಲಗಿಯಲ್ಲೇ

ಎಂಥ ಮಂದಿ! ಹಲಗಿ ಬಡಿತಕ್ಕೆ ಎದೆ ನಡುಗುತ್ತಿತ್ತು. ಮುಂದಿನ ಸಾಲಿನಲ್ಲಿ ಮಾವ, ತಲೆಗೆ ಕೆಂಪು ಪಟಗಾ ಸುತ್ತಿಕೊಂಡು. ಬಾಜೂಕ್ಕೆ ಗುಡುಸಾಬ ಕಾಕಾ, ತಂಬಾಕಿನ ವ್ಯಾಪಾರಿ. ಒಂದು ಕಾಲಕ್ಕೆ ಹುಕ್ಕೇರಿಯ ಕಣದಲ್ಲಿ ಮಾವ ಇವನನ್ನೇ ಚಿತ್ ಮಾಡಿ ಹೆಸರು ಮಾಡಿದ್ದು. ಅಂದಿನಿಂದ ಇಬ್ಬರೂ ಒಂದೇ ತಾಟಿನ ಗೆಳೆಯರು. ಯಾವ ಕುಸ್ತಿಗೂ ಒಬ್ಬನನ್ನು ಬಿಟ್ಟು ಇನ್ನೊಬ್ಬ ಹೋಗುವುದಿಲ್ಲ.

ಒಳಗಿನಿಂದ ನೋಡುವ ಮಜಾನೇ ಬೇರೆ, ಒಪ್ಪಬೇಕು. ಹಿಡಿತದಲ್ಲಿ ಉದ್ದಪ್ಪ ಮೌಲಾಅಲಿಯ ಕಿವಿಯಲ್ಲಿ "ಈಗ ಎಡಕ್ಕ" ಅಂದದ್ದು ನನಗೆ ಮಾತ್ರ ಕೇಳಿಸಿತು. ಪೆಟ್ಟಾಗದಂತೆ ಬೀಳುವುದು, ಬಿದ್ದರೂ ಬೆನ್ನು ಮುರಿದವನಂತೆ ನರಳುವುದು... ಅದೂ ಒಂದು ವಿದ್ಯೆಯೇ. ಸಾವಿರ ಮಂದಿ ಹುಚ್ಚರ ಹಾಗೆ ಕೂಗುತ್ತಿದ್ದರೆ ನಾನು ಒಳಗೊಳಗೇ ನಗುತ್ತಿದ್ದೆ. ಮೂರನೇ ರೌಂಡು. ಒಂದು, ಎರಡು, ಮೂರು. ಸೀಟಿ.

ಇಷ್ಟಕ್ಕೇ ಮುಗಿಯಬೇಕಿತ್ತು. ಮಾವ ಹಗ್ಗ ದಾಟಿ ಒಳಗೆ ಬಂದ. ಪಟಗಾ ಬಿಚ್ಚಿ ಮೌಲಾಅಲಿಯ ಕಾಲ ಹತ್ತಿರ ಇಟ್ಟ. "ನೀ ಇವನ್ನ ಚಿತ್ ಮಾಡೂ ತನಕಾ ಇದನ್ನ ತಲಿಗೆ ಸುತ್ತೂದಿಲ್ಲ. ನನ್ನ ಅಳಿಯಾ ಪಂಚ ಅದಾನ, ಇಂವನ ಸಾಕ್ಷಿ."

ಮೌಲಾಅಲಿ ಅಳುತ್ತಿದ್ದ. ಮಂದಿ ಅದನ್ನು ಸೋಲಿನ ದುಃಖ ಅಂದುಕೊಂಡರು. ಯಲ್ಲಪ್ಪನ ಮುಖ ಮಾತ್ರ ಹಬ್ಬದ ಹಾಗಿತ್ತು.

ಜನವರಿ ೨೨

ಹ್ಯಾಂಡ್‌ಬಿಲ್ ಬಂದಿದೆ. "ಹುಕ್ಕೇರಿಯಲ್ಲಿ ಪಟಗಾ ಕುಸ್ತಿ!" ಕೆಳಗೆ ಪಂಚರ ಹೆಸರು, ದೊಡ್ಡ ಅಕ್ಷರದಲ್ಲಿ, ನನ್ನದು.

ಫೆಬ್ರವರಿ ೨

ಮಾವ ಸಂತೆಗೆಂದು ಗೋಕಾಕಕ್ಕೆ ಬಂದಿದ್ದ. ಬೋಳು ತಲೆ, ಬಿಸಿಲಿಗೆ ಸುಲಿದಿದೆ. ದಾರಿಯಲ್ಲಿ ಮೂವರು ಪಟಗಾ ಇಲ್ಲದ್ದು ಕಂಡು, ಸೂತಕವೆಂದುಕೊಂಡು ನಿಲ್ಲಿಸಿ, ಮನೆಯಲ್ಲಿ ಯಾರು ಹೋದರು ಅಂತ ಕೇಳಿದರಂತೆ. ನಗುತ್ತ ಹೇಳಿದ. ನನಗೆ ನಗು ಬರಲಿಲ್ಲ.

"ಹುಕ್ಕೇರಿಯಾಗ ಗೆಲ್ತಾನ ಬಿಡ ಮಾವಾ."

"ನಿನ್ನ ಬಾಯಿಗೆ ಸಕ್ಕರಿ ಹಾಕ."

ಮಾವ ಹೋದ ಮೇಲೆ ಪದ್ಮವ್ವನಿಗೆ ಎಲ್ಲ ಹೇಳಿಬಿಟ್ಟೆ. ಹೆಂಡತಿಗೂ ಹೇಳದಿದ್ದರೆ ಹೊಟ್ಟೆ ಒಡೆಯುತ್ತಿತ್ತು. ಅವಳಿಗೆ ಆಶ್ಚರ್ಯವೇ ಆಗಲಿಲ್ಲ. "ದೊಡ್ಡಾಟದಾಗ ಸತ್ತಂವಾ ಎದ್ದ ಬಂದು ಚಾ ಕುಡಿಯೂದಿಲ್ಲೇನ್ರಿ? ಗೊತ್ತಿದ್ದೂ ನಾವು ಅಳತೇವಿ" ಅಂದಳು.

"ದೊಡ್ಡಾಟಕ್ಕ ಹೋಗಾವ್ರಿಗೆ ಅದು ಆಟ ಅಂತ ಗೊತ್ತಿರತೈತಿ" ಅಂದೆ.

"ಹಂಗಾರ ಮಾವಗ ಹೇಳ್ರಿ."

ಹೇಳಬಹುದಿತ್ತು. ಇನ್ನು ಹದಿನೈದು ದಿನಕ್ಕೆ ಪಟಗಾ ಮತ್ತೆ ತಲೆಗೆ ಬರುತ್ತದೆ, ಈಗ ಹೇಳಿ ಯಾಕೆ ಅವನ ಖುಷಿ ಕೆಡಿಸಲಿ ಅಂದುಕೊಂಡೆ. ಹೇಡಿತನಕ್ಕೆ ಚೆಂದದ ಅಂಗಿ ತೊಡಿಸುವುದರಲ್ಲಿ ನಾನು ಹುಷಾರಿ.

ಫೆಬ್ರವರಿ ೭

ಸಂಜೆ ಊರಿನ ತಾಲೀಮು ಮನೆಗೆ ಹೋಗಿ ಕೂತೆ. ಮಣ್ಣಿನಲ್ಲಿ ಇಬ್ಬರು ಹಿಡಿದಿದ್ದರು. ಟಿಕೇಟಿಲ್ಲ, ಡೇರೆಯಿಲ್ಲ. ಆದರೂ ನನ್ನ ಕಣ್ಣು ಅವರ ತುಟಿಯ ಮೇಲೆಯೇ. ಏನಾದರೂ ಪಿಸುಗುಟ್ಟುತ್ತಾರೋ ಅಂತ. ಒಬ್ಬ ಬಿದ್ದ. ಉಳಿದವರೆಲ್ಲ ಭಲೇ ಅಂದರು. ನನ್ನ ಬಾಯಿಂದ ಹೊರಡಲಿಲ್ಲ. ಚಿಕ್ಕಂದಿನಿಂದ ಇದ್ದ ಒಂದೇ ಹುಚ್ಚು. ಅದೂ ಹೋಯಿತೇ?

ಫೆಬ್ರವರಿ ೧೫. ಹುಕ್ಕೇರಿ, ಮಧ್ಯಾಹ್ನ

ಯಲ್ಲಪ್ಪ ಮಾತು ತಿರುಗಿಸಿದ. ಇವತ್ತು ಗೆಲುವಿಲ್ಲ, ಸೋಲೂ ಇಲ್ಲ, ಬರೋಬರಿ. ಗೆಲುವೇನಿದ್ದರೂ ಗೋಕಾಕದಲ್ಲಿ — ಅಲ್ಲಿ ಇನ್ನೊಂದು ಡೇರೆ ತುಂಬಬೇಕಲ್ಲ.

ಜಗಳ ತೆಗೆದೆ. "ಮುದುಕ ಇನ್ನೊಂದ ತಿಂಗಳ ಬೋಳ ತಲಿಯಾಗ ಅಡ್ಡಾಡಿದ್ರ ಏನ ಹೊಕ್ಕೈತಿ ಮಾಸ್ತರ್ರ?" ಅಂದ. ಕಪಾಳಕ್ಕೆ ಬಿಡಬೇಕಿತ್ತು. "ಗೋಕಾಕದ್ದ ಕಡೀದು, ನೋಡ್ರಿ" ಅಂತ ಹೇಳಿ ಬಂದೆ. ಮೌಲಾಅಲಿ ಎದ್ದು ಡೇರೆಯ ಹೊರಗೆ ಹೋದ.

ಫೆಬ್ರವರಿ ೧೬. ಬೆಳಿಗ್ಗೆ

ಬರೆಯಲೇಬೇಕು.

ಮೂರನೇ ರೌಂಡು. ಮೌಲಾಅಲಿ ಕ್ಷಣ ನಿಂತು ಮುಂದಿನ ಸಾಲಿನ ಕಡೆ ನೋಡಿದ. ಮಾವನ ಬೋಳು ತಲೆ ಗ್ಯಾಸ್‌ಬತ್ತಿಯ ಬೆಳಕಿಗೆ ಹೊಳೆಯುತ್ತಿತ್ತು. ಆಮೇಲೆ ಉದ್ದಪ್ಪನ ತೋಳಿನ ಕೆಳಗೆ ನುಗ್ಗಿ, ಕಾಲು ಹಾಕಿ, ಎತ್ತಿ ಒಗೆದ. ಮೇಲೆ ಬಿದ್ದು ಒತ್ತಿದ. ಉದ್ದಪ್ಪನ ಎರಡೂ ಭುಜ ನೆಲಕ್ಕೆ.

ಮಂದಿ ಎದ್ದು ನಿಂತರು. "ಚಿತ್! ಚಿತ್!" ಮಾವ ಹಗ್ಗ ಹಿಡಿದು ಕೂಗುತ್ತಿದ್ದ, "ಎಣಿಸೋ ಕೇದಾರಿ!"

ನಾನು ಎಣಿಸಲಿಲ್ಲ. ಬರೋಬರಿ ಅಂತ ನನಗೆ ಗೊತ್ತಿತ್ತಲ್ಲ. ಇದೂ ಆಟ, ಈಗ ಉದ್ದಪ್ಪ ಭುಜ ಎತ್ತುತ್ತಾನೆ, ಈಗ ಎತ್ತುತ್ತಾನೆ ಅಂತ ಕಾಯುತ್ತ ನಿಂತೆ. ನಿಂತವನು ಸುಮ್ಮನೆ ನಿಂತೆನೇ? ನಕ್ಕೆ. ಎಲ್ಲ ಬಲ್ಲವನ ಆ ಹಾಳು ನಗು. ಮಾವ ಅದನ್ನು ನೋಡಿದ.

ರೌಂಡು ಮುಗಿದ ಗಂಟೆ ಹೊಡೆಯಿತು. ಇಬ್ಬರ ಕೈಯನ್ನೂ ಎತ್ತಿದೆ. ಬರೋಬರಿ.

ಡೇರೆಯ ಹಿಂದೆ ಉದ್ದಪ್ಪ ಭುಜ ಹಿಡಿದುಕೊಂಡು ಕೂತಿದ್ದ. ಅರಿಸಿನ ಹಚ್ಚಿಸಿಕೊಳ್ಳುತ್ತ ನನ್ನನ್ನು ವಿಚಿತ್ರವಾಗಿ ನೋಡಿದ.

"ಮಾಸ್ತರ್ರ, ಯಾಕ ಎಣಸಲಿಲ್ಲರಿ? ಅಂವಾ ನನ್ನ ಖರೇನ ಒಗದಾ. ಎದ್ದೇಳಾಕ ಬಾಳ ಒದ್ದಾಡಿದೆ, ಬಿಡಲಿಲ್ಲ. ಇಡೀ ಡೇರೇಕ ಕಾಣತು. ನಿಮಗ ಕಾಣಲಿಲ್ಲೇನ್ರಿ?"

ಟಿಕೇಟು ಕೊಟ್ಟು ಬಂದ ಎಲ್ಲರಿಗೂ ಕಂಡಿತು. ಏನೂ ಗೊತ್ತಿಲ್ಲದವರಿಗೆ ಕಂಡಿತು. ಎಲ್ಲ ಗೊತ್ತಿದ್ದ ನನಗೊಬ್ಬನಿಗೆ ಕಾಣಲಿಲ್ಲ. ಈ ಮುಖ ಹೊತ್ತುಕೊಂಡು ಎಲ್ಲಿಗೆ ಹೋಗಲಿ.

ಫೆಬ್ರವರಿ ೧೮

ಮೌಲಾಅಲಿ ಕಂಪನಿ ಬಿಟ್ಟನಂತೆ. ಗೋಕಾಕದ ಕುಸ್ತಿ ರದ್ದು. ಯಲ್ಲಪ್ಪ ಡೇರೆ ಕಿತ್ತು ಮೀರಜಿನ ಕಡೆ ಹೋದ. ಹೋಗಲಿ, ಹಾಳಾಗಿ ಹೋಗಲಿ. ಆದರೆ ಮಾವನ ಪಟಗಾ?

ಫೆಬ್ರವರಿ ೨೩

ನಾಗನೂರಿಗೆ ಹೋದೆ. ಎಲ್ಲ ಹೇಳಿದೆ. ಇರಾನಿನವನು ಯಮಕನಮರಡಿಯವನು ಅನ್ನುವುದರಿಂದ ಹಿಡಿದು ನನ್ನ ನಗುವಿನ ತನಕ. ಮೂಡಲಗಿಯ ಸೋಲು ಸುಳ್ಳು, ಹುಕ್ಕೇರಿಯ ಗೆಲುವು ಖರೆ, ಎಣಿಸದವನು ನಾನು, ಪಟಗಾ ಸುತ್ತಿಕೋ ಮಾವಾ ಅಂತ ಕಾಲು ಹಿಡಿದೆ.

ಮಾವ ನನ್ನ ಕೈ ಬಿಡಿಸಿ ಕಾಲು ಹಿಂದಕ್ಕೆ ಎಳೆದುಕೊಂಡ. ಬೈದಿದ್ದರೆ ಪಾಡಿತ್ತು.

"ಮೌಲಾಗೂ ಗೊತ್ತಿತ್ತ?"

"ಹೂಂ."

"ನಿನಗೂ?"

"ಹೂಂ. ಆದರ ಹುಕ್ಕೇರಿದು ಖರೇ ಮಾವಾ, ಉದ್ದಪ್ಪನ ಹೇಳ್ಯಾನ—"

"ಅಂವಾ ಹೇಳಿದ್ದೂ ಮಾತಾಡಿಕೊಂಡದ್ದ ಇರಬೇಕು ಬಿಡ" ಅಂದ. ಪಟಗಾ ಮುಟ್ಟಲಿಲ್ಲ. ನಾನು ಏಳುವಾಗ ತನ್ನಷ್ಟಕ್ಕೇ ಒಂದು ಮಾತು ಆಡಿದ. "ನಾ ಗುಡುಸಾಬನ್ನ ಒಗದೆ ಅಂತ ಇಷ್ಟ ವರ್ಷ ಹೇಳಿಕೋತ ಬಂದೆ. ಅಂವಾ ಬಿಟ್ಟ ಕೊಟ್ಟಿದ್ನೋ ಏನೋ."

ಇಲ್ಲ ಮಾವಾ ಅಂದೆ. ನನ್ನ ಮಾತಿಗೆ ಈಗ ಏನು ಬೆಲೆ.

ಮಾರ್ಚ್ ೧೬

ಬರೆಯಲು ಮನಸ್ಸಿರಲಿಲ್ಲ ಇಷ್ಟು ದಿನ. ಇವತ್ತು ಗುಡುಸಾಬ ಕಾಕಾ ಬಂದಿದ್ದ. ಮೂಡಲಗಿಯಿಂದ ಮೊದಲ ಬಸ್ಸಿಗೆ. ಪದ್ಮವ್ವ ಚಹಾ ಇಟ್ಟಳು, ಮುಟ್ಟಲಿಲ್ಲ.

"ನಿನ್ನ ಮಾವಗ ಏನ ತಲಿಯಾಗ ತುಂಬೀದಿ ಕೇದಾರಿ? ಅಂಗಡಿಗೆ ಬಂದು, ಗಿರಾಕಿ ಮುಂದ, 'ಅವತ್ತ ನೀ ಬೇಕಂತ ಬಿದ್ದಿದ್ದೇನ' ಅಂತ ಕೇಳತಾನ. ನಾ ಬಿದ್ದ ಮ್ಯಾಲ ಆರ ತಿಂಗಳ ಮಂದಿಗೆ ಮಾರಿ ತೋರಸಿರಲಿಲ್ಲ. ಆಮ್ಯಾಲ ಆ ಸೋಲು ಹೊತಗೊಂಡ ಅವನ ಬಾಜೂಕ ಕುಂಡ್ರೂದ ಕಲತೆ. ಆ ಸೋಲು ನಂದು. ಅದನ್ನ ಯಾಕ ಕಸಗೊಂಡ್ರಿ?"

ನಾನು ಒಬ್ಬನ ತಲೆಯಷ್ಟೇ ಬೋಳಿಸಿದೆ ಅಂದುಕೊಂಡಿದ್ದೆ.

"ಏನ ಮಾಡ್ಲಿ ಹೇಳ ಕಾಕಾ."

"ನಡಿ ನಾಗನೂರಿಗೆ. ನೀ ಕೆಡಸಿದ್ದ, ನಿನ್ನ ಮುಂದನ ನೆಟ್ಟಗ ಆಗಲಿ."

ಮಾರ್ಚ್ ೧೭

ನಿನ್ನೆ ನಾಗನೂರು.

ಮಾವ ಕಟ್ಟೆಯ ಮೇಲೆ ಕೂತಿದ್ದ. ಗುಡುಸಾಬ ಕಾಕಾ ನಮಸ್ಕಾರವಿಲ್ಲ, ಏನಿಲ್ಲ. ಟೋಪಿ ತೆಗೆದು ಗೂಟಕ್ಕೆ ಸಿಕ್ಕಿಸಿದ, ಅಂಗಿ ಬಿಚ್ಚಿದ. "ಏಳ ಸತ್ತ್ಯಾ. ತಾಲೀಮಿಗೆ ನಡಿ. ಹಿಡಿ ನನ್ನ."

"ಹುಚ್ಚ ಹಿಡದೈತೇನ ನಿನಗ? ನಡಾ ಹಿಡದ ಅಡ್ಡಾಡತಿ."

"ನಡಾ ಮುರಿದ್ರ ಮುರೀಲಿ. ಬಿದ್ರ ಬೀಳತೇನಿ, ಒಗದ್ರ ಒಗೀತೇನಿ. ಬಿಟ್ಟ ಅಂತೂ ಕೊಡೂದಿಲ್ಲ. ಆವಾಗೂ ಕೊಟ್ಟಿಲ್ಲ."

ಮಾವ ಅವನನ್ನೇ ನೋಡಿದ. ಎದ್ದ. ಇಬ್ಬರೂ ತಾಲೀಮಿನ ಕಡೆ ಹೊರಟರು, ಒಬ್ಬನಿಗೆ ಮೊಳಕಾಲು ಮಡಚುವುದಿಲ್ಲ, ಇನ್ನೊಬ್ಬನಿಗೆ ಬೆನ್ನು ನೆಟ್ಟಗಾಗುವುದಿಲ್ಲ. ನಾನು ಹಿಂದೆ ಹಿಂದೆ. ಎಲ್ಲಿಯಾದರೂ ಬಿದ್ದು ಕೈಕಾಲು ಮುರಿದುಕೊಂಡಾರು ಅಂತ ಜೀವ ಹೊಡೆದುಕೊಳ್ಳುತ್ತಿತ್ತು. ಮಧ್ಯೆ ನಿಂತು ಬಿಡಿಸೋಣ, ಬೇಕಾದರೆ ಎಣಿಸೋಣ, ಈ ಸಲ ನೆಟ್ಟಗೆ ಎಣಿಸೋಣ ಅಂತಲೂ ಇತ್ತು.

ಹೊಸ್ತಿಲಲ್ಲಿ ಮಾವ ತಿರುಗಿದ. ದನಿಯಲ್ಲಿ ಸಿಟ್ಟೂ ಇರಲಿಲ್ಲ.

"ನೀ ಹೊರಗ ನಿಂದ್ರ ಕೇದಾರಿ."

ಬಾಗಿಲು ಹಾಕಿಕೊಂಡರು. ಒಳಗಿನಿಂದ ಅಗಳಿ.

ಬಿಸಿಲಲ್ಲಿ ನಿಂತೆ. ಒಂದಿಬ್ಬರು ಹಾದುಹೋಗುವವರು ಒಳಗೆ ಯಾರು ಅಂತ ಕೇಳಿದರು, ಗೊತ್ತಿಲ್ಲ ಅಂದೆ. ತೊಡೆ ತಟ್ಟಿದ ಸದ್ದು ಬಂತು. ಏದುಸಿರು. ಒಮ್ಮೆ ಕಾಕಾನ ಬೈಗುಳ. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಮಣ್ಣಿನ ಮೇಲೆ ದಪ್ಪನೆ ಯಾರೋ ಬಿದ್ದರು. ಇಬ್ಬರೂ ನಗಲು ಶುರುಮಾಡಿದರು, ಕೆಮ್ಮುತ್ತ, ಉಸಿರು ಸಿಗದೆ. ಅಂಥ ನಗು ನನ್ನ ಬಾಯಿಂದ ಬಂದು ಎಷ್ಟು ದಿನವಾಯಿತೋ.

ಬಾಗಿಲ ಹಲಗೆಯಲ್ಲಿ ಒಂದು ಬಿರುಕಿತ್ತು. ಕಣ್ಣಿಟ್ಟರೆ ಕಾಣುತ್ತಿತ್ತು, ಯಾರು ಮೇಲೆ ಯಾರು ಕೆಳಗೆ ಅಂತ. ಬಗ್ಗಿದೆ. ಕಣ್ಣು ಬಿರುಕಿನ ತನಕ ಹೋಗಿತ್ತು. ಆಗ ಮಾವ ಹೊಸ್ತಿಲಲ್ಲಿ ಅಂದದ್ದು ನೆನಪಾಯಿತು; ನೋಡದೆ ಹಿಂದೆ ಸರಿದು, ಬಾಗಿಲಿಗೆ ಬೆನ್ನು ಮಾಡಿ ಬಿಸಿಲಲ್ಲೇ ನಿಂತೆ.