ನೇಯ್ದವರು: ರಾಮಾಂಜಿನಪ್ಪ

ಜೂನ್ 9, ಸೋಮವಾರ
ಬೆಳಿಗ್ಗೆಯಿಂದ ಸೀರೆ ಮಡಿಸಿದ್ದೇ ಕೆಲಸ. ಸಂಪಿಗೆ ರಸ್ತೆ ತುಂಬ ಜನ. ಕೌಂಟರಿನ ಮಾಧವಿ ಟ್ಯಾಗ್ ಸ್ಕ್ಯಾನ್ ಮಾಡಿ ಗಿರಾಕಿಗಳಿಗೆ ತೋರಿಸುತ್ತಾಳೆ — ರೇಷ್ಮೆ ಎಲ್ಲಿಯದು, ಬಣ್ಣ ಹಾಕಿದ್ದು ಯಾರು, ನೇಯ್ದವರು ಯಾರು, ಫೋಟೋ ಸಮೇತ. ಬ್ಲಾಕ್‌ಚೈನ್ ಅಂತೆ. ನಾನು ಹಿಂದೆ ನಿಂತು ಮಡಿಸುತ್ತೇನೆ. ಗಿರಾಕಿಗಳ ಹತ್ತಿರ ಮಾತು ನನ್ನಿಂದಾಗದು.
ಮಧ್ಯಾಹ್ನ ಹೊಸ ಸ್ಟಾಕ್ ಬಂತು. ಅದರಲ್ಲಿ ಅಮ್ಮನ ಸೀರೆ. ಹಸಿರು ಒಡಲು, ಕೆಂಪು ಅಂಚು. ಇದನ್ನು ಮಗ್ಗದಿಂದ ಇಳಿಸಿ ಜ್ವರ ಅಂತ ಮಲಗಿದವಳು ಮತ್ತೆ ಏಳಲೇ ಇಲ್ಲ.
ಮಾಧವಿ ಸ್ಕ್ಯಾನ್ ಮಾಡಿದಳು. ನೇಯ್ದವರು: ರಾಮಾಂಜಿನಪ್ಪ. ಅಪ್ಪನ ಫೋಟೋ.
"ನಿಮ್ಮಪ್ಪ ಹೀರೋ ಕಣೇ," ಅಂದಳು.

ಜೂನ್ 10
ಅಪ್ಪನ ಮಂಡಿ ಹೋಗಿ ವರ್ಷಗಳಾದವು. ನೇಯಲು ಮಗ್ಗದ ಗುಂಡಿಗೆ ಇಳಿದೇ ಇಲ್ಲ. ಟ್ಯಾಗಿನವರು ಹೆಸರು, ಫೋಟೋ ತಗೊಳ್ಳಲು ಚಾಮರಾಜಪೇಟೆಯ ಮನೆಗೆ ಬಂದ ದಿನ ಅಮ್ಮನೇ ಮಗ್ಗದಿಂದ ಎದ್ದು, ಅಪ್ಪನಿಗೆ ಒಗೆದ ಅಂಗಿ ಹಾಕಿಸಿ, ಕೈ ಹಿಡಿದು ಅಲ್ಲಿ ಕೂರಿಸಿದಳು. ತಾನು ಕಾಫಿ ಮಾಡಲು ಹೋದಳು. ಮಗ್ಗ ಅಂದರೆ ಯಜಮಾನನ ಹೆಸರು. ನಮ್ಮಲ್ಲಿ ಹಾಗೇ. ಯಾರಿಗೂ ತಪ್ಪು ಅನ್ನಿಸಲಿಲ್ಲ. ನನಗೂ.

ಜೂನ್ 12
ಅಂಗಡಿ ಯಜಮಾನರ ಮಗ ವಂಶಿ ಸರ್‌ಗೆ ಹೇಳಿದೆ. ಅರ್ಧಕ್ಕೇ ಅಳು ಬಂತು. ಅವರು ಬೈಯಲಿಲ್ಲ. ಟ್ಯಾಗಿಗೆ ಬರೆದದ್ದು ಒಂದು ಕಡೆ ಇರುವುದಿಲ್ಲವಂತೆ, ಎಷ್ಟೋ ಕಂಪ್ಯೂಟರುಗಳಲ್ಲಿ ಒಟ್ಟಿಗೆ ಇರುತ್ತದಂತೆ. ಅಳಿಸಲು ಅವರಿಂದಲೂ ಆಗದು. ಕೆಳಗೆ ತಿದ್ದುಪಡಿ ಸೇರಿಸಬಹುದು. ಹೆಸರಿರುವವರೇ ಬಂದು ಹೆಬ್ಬೆಟ್ಟು ಒತ್ತಬೇಕು.
"ನಿಮ್ಮ ತಂದೇನ ಕರ್ಕೊಂಡು ಬಾಮ್ಮ. ಸೀರೆ ಸೇಲ್ ಆಗೋದ್ರೊಳಗೆ."

ಜೂನ್ 13
ಅಪ್ಪನಿಗೆ ಹೇಳಿದೆ. ತಟ್ಟೆ ಸರಿಸಿ ಎದ್ದರು.
"ನಾನು ನೇಯ್ದಿಲ್ಲ ಅಂತ ನಾನೇ ಹೇಳ್ಬೇಕಾ, ಊರಿಗೆಲ್ಲ?"


ಜೂನ್ 21
ದಿನಾ ಬೆಳಿಗ್ಗೆ ಆ ಸೀರೆಯನ್ನು ಅಟ್ಟಿಯ ಅಡಿಗೆ ತಳ್ಳುತ್ತಿದ್ದೇನೆ. ಮಾಧವಿಗೆ ಗೊತ್ತಾಗಿದೆ. ಗೊಣಗುತ್ತಾಳೆ, ಆದರೆ ತಾನೂ ತೆಗೆದು ತೋರಿಸುವುದಿಲ್ಲ.

ಜೂನ್ 24
ಅಪ್ಪ ಬಂದರು! ಬಸ್ಸಿನಲ್ಲಿ, ಒಬ್ಬರೇ, ನನಗೂ ಹೇಳದೆ. ಕೋಲೂರಿಕೊಂಡು ಮೆಟ್ಟಿಲು ಹತ್ತಿದರು. ವಂಶಿ ಸರ್ ಕುರ್ಚಿ ಕೊಟ್ಟರು. ಹೆಬ್ಬೆಟ್ಟು ಆಯಿತು. ಸೀರೆ ನೇಯ್ದದ್ದು ಯಾರು ಎಂದು ಕೇಳಿದರು ಸರ್.
"ಇವಳ ತಾಯಿ."
"ಹೆಸರು ಬೇಕು, ಯಜಮಾನ್ರೇ."
ಅಪ್ಪ ನನ್ನ ಕಡೆ ನೋಡಿದರು. ಅಮ್ಮನನ್ನು ಅವರು ಹೆಸರು ಹಿಡಿದು ಕರೆದದ್ದು ನಾನು ಕೇಳಿಯೇ ಇಲ್ಲ. ಏನೇ, ಇವಳೇ... ಅಷ್ಟೇ.
"ಚೌಡಮ್ಮ," ಅಂದರು. ಆಮೇಲೆ, ಯಾರೂ ಕೇಳದಿದ್ದರೂ, "ಎಲ್ಲಾ ಅವಳೇ ನೇಯ್ದಿದ್ದು."

ಜೂನ್ 26, ಸಂಜೆ
ಸೀರೆ ಹೋಯಿತು. ಮಾಧವಿ ಊಟಕ್ಕೆ ಹೋಗಿದ್ದಳು. ಒಬ್ಬರು ಬಂದು, ನಾದಿನಿಗೆ ಕೊಡಬೇಕು ಅಂತ ಅದನ್ನೇ ಆರಿಸಿದರು. ಸ್ಕ್ಯಾನ್ ಮಾಡಿ ತೋರಿಸಬೇಕಾದವಳು ನಾನೇ. ಬಾಯಿ ತೆರೆದೆ.
"ಮೇಡಂ, ಒಂದ್ಸಲ ಇದನ್ನ..."
ಅವರು ಫೋನಿನಲ್ಲಿದ್ದರು. ಗಿಫ್ಟು, ರೇಟ್ ಕಾಣಬಾರದು, ಟ್ಯಾಗ್ ಕತ್ತರಿಸಿಬಿಡು ಅಂದರು. ರೇಟೂ ಹೆಸರೂ ಒಂದೇ ಟ್ಯಾಗು. ಇನ್ನೊಂದು ಸಲ ಹೇಳಲು ಆಗಲಿಲ್ಲ. ಕತ್ತರಿಸಿದೆ.
ಟ್ಯಾಗನ್ನು ಮನೆಗೆ ತಂದಿದ್ದೇನೆ. ದಿಂಬಿನ ಕೆಳಗಿದೆ.
ಅಪ್ಪ ಈಗತಾನೇ ಕೇಳಿದರು, ಸೀರೆ ಹೋಯಿತಾ ಎಂದು. ಹೂಂ ಅಂದೆ.
"ತಗೊಂಡೋರು ಹೆಸರು ನೋಡಿದ್ರಾ?"
ಬಾಗಿಲಲ್ಲೇ ನಿಂತಿದ್ದಾರೆ. ನಾನು —